ಬಂದರಿಗೆ ಬಾರದ ರೈಲು

ಕುಮಟೆಯ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವರಿಗೆ ಸಮುದ್ರ ಕಾಣುವುದಿಲ್ಲ. ಮೊದಲ ಸಲ ಬಂದವರು ಪ್ಲಾಟ್‌ಫಾರ್ಮಿನ ಮೇಲೆ ಚೀಲ ಇಳಿಸಿ, ಅತ್ತ ಇತ್ತ ನೋಡಿ, "ಸಮುದ್ರ ಯಾವ ಕಡೆ?" ಎಂದು ಕೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ರಿಕ್ಷಾದವರು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಹೆದ್ದಾರಿ ದಾಟಬೇಕು, ಪೇಟೆ ದಾಟಬೇಕು, ಆಮೇಲೆ ತೆಂಗಿನ ತೋಟ, ಮನೆಯಂಗಳಗಳ ನಡುವೆ ಸಾಗಬೇಕು. ಆಗ ಸಿಗುವುದು ಹೆಡ್ ಬಂದರು, ವನ್ನಳ್ಳಿ. ಹೆಸರಿನಲ್ಲಿ ಬಂದರು ಉಳಿದಿದೆ. ಹತ್ತಿ ತುಂಬಿಕೊಳ್ಳಲು ಹಡಗು ಬಂದು ನಿಲ್ಲುವುದು ಮಾತ್ರ ಎಂದೋ ನಿಂತುಹೋಗಿದೆ.

ನಾನು ಸಂತೆಗುಳಿಯವಳು. ಕುಮಟಾ ತಾಲ್ಲೂಕಿನವರೇ ಆದರೂ ನಮ್ಮದು ಒಳನಾಡು. ಗುಡ್ಡ, ಗದ್ದೆ, ಅಡಿಕೆ ತೋಟ. ನಾವು ಚಿಕ್ಕವರಿದ್ದಾಗ ಸಮುದ್ರ ನಮ್ಮ ಮನೆಗೆ ಬರುತ್ತಿದ್ದುದು ಮೀನಿನ ಬುಟ್ಟಿಯಲ್ಲಿ, ಉಪ್ಪಿನ ಮರಿಗೆಯಲ್ಲಿ. ರೈಲನ್ನಂತೂ ಪಾಠದ ಪುಸ್ತಕದ ಚಿತ್ರದಲ್ಲೇ ನೋಡಬೇಕಿತ್ತು. ಮುಂಬಯಿಗೆ ಹೋಗುವವರು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುತ್ತಿದ್ದರು. ಹಾಗೆ ಹೋಗಿ ಬಂದವರು ಒಂದು ವಾರ ರೈಲಿನ ಕಥೆ ಹೇಳುತ್ತಿದ್ದರು.

ಇದನ್ನೆಲ್ಲ ಈಗ ನೆನೆಯುವುದಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾರಣ. ಅವಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಒಂದು ರಜೆಯ ದಿನ ಬ್ರೈಟನ್ ಎಂಬ ಸಮುದ್ರತೀರದ ಊರಿಗೆ ಹೋಗಿ ಫೋನಿನಲ್ಲಿ ಚಿತ್ರ ಕಳಿಸಿದಳು. ಕಬ್ಬಿಣ ಮತ್ತು ಗಾಜಿನ ಕಮಾನು ಹೊತ್ತ ಸ್ಟೇಷನ್ನು. ಅದರ ಮುಂದಿನಿಂದ ಇಳಿದು ಹೋಗುವ ರಸ್ತೆ. ರಸ್ತೆಯ ಕೊನೆಗೆ ಸಮುದ್ರ. ಕೆಳಗೆ ಬರೆದಿದ್ದಳು: "ಅಕ್ಕೋರೇ, ಇಲ್ಲಿ ರೈಲು ಇಳಿದು ನೇರ ನಡೆದರೆ ಸಮುದ್ರ. ನಮ್ಮ ಕುಮಟೆಯಲ್ಲಿ ಯಾಕೆ ಹೀಗಿಲ್ಲ?"

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ವಿದ್ಯಾರ್ಥಿನಿ ಪ್ರಶ್ನೆ ಕೇಳಿದರೆ ಉತ್ತರ ಹುಡುಕದೆ ಇರುವುದು ಅಕ್ಕೋರಿಗೆ ಸಾಧ್ಯವೆ? ಹುಡುಕುತ್ತ ಹೋದ ಹಾಗೆ ಪ್ರಶ್ನೆ ನಾನು ತಿಳಿದಷ್ಟು ಸಣ್ಣದಲ್ಲ ಎಂದು ಗೊತ್ತಾಯಿತು.

ಮೊದಲು ಅವಳಿರುವ ಕಡೆಯ ಕಥೆಯನ್ನೇ ಹೇಳುತ್ತೇನೆ. ಬ್ರೈಟನ್ ಮೊದಲು ಮೀನುಗಾರರ ಊರು. 1750ರ ದಶಕದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದಲ್ಲಿ ಮೀಯುವುದಷ್ಟೇ ಅಲ್ಲ, ಅದರ ನೀರು ಕುಡಿಯುವುದೂ ರೋಗಗಳಿಗೆ ಮದ್ದು ಎಂದು ಬರೆದು ಪ್ರಸಿದ್ಧರಾದರು. ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡುವ ನಮ್ಮವರಿಗೆ ಮೀಯುವುದು ಹೊಸತಲ್ಲ. ಕುಡಿಯುವ ಧೈರ್ಯ ಮಾತ್ರ ನಮ್ಮವರು ಮಾಡಿರಲಾರರು! ವೈದ್ಯರ ಹಿಂದೆ ರೋಗಿಗಳು ಬಂದರು, ರೋಗಿಗಳ ಹಿಂದೆ ಶ್ರೀಮಂತರು, ಶ್ರೀಮಂತರ ಹಿಂದೆ ರಾಜಕುಮಾರನೇ ಬಂದು ಅರಮನೆ ಕಟ್ಟಿಸಿಕೊಂಡ. 1841ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂತು. ಕುದುರೆಗಾಡಿಯಲ್ಲಿ ಅರ್ಧ ದಿನದ ಹಾದಿ ರೈಲಿನಲ್ಲಿ ಎರಡು ಗಂಟೆಯ ಆಸುಪಾಸಿಗೆ ಇಳಿಯಿತು. ಅಲ್ಲಿಯವರೆಗೆ ಸಮುದ್ರ ಉಳ್ಳವರದಾಗಿತ್ತು. ರೈಲು ಬಂದ ಮೇಲೆ ಗಿರಣಿಯವರು, ಗುಮಾಸ್ತರು, ಮನೆಗೆಲಸದ ಹುಡುಗಿಯರು ಕೂಡ ಒಂದು ದಿನದ ಟಿಕೇಟು ತೆಗೆದು ಬಂದು ತೆರೆ ನೋಡಿ ಸಂಜೆ ಮರಳುವಂತಾಯಿತು. ಇಂಗ್ಲೆಂಡಿನ ಎಷ್ಟೋ ಸಮುದ್ರತೀರದ ಪಟ್ಟಣಗಳು ಬೆಳೆದದ್ದು ಹೀಗೆ. ಸ್ಟೇಷನ್ನಿನ ಮುಖ ಕಡಲಿನ ಕಡೆಗಿತ್ತು. ಜನ ಬರುತ್ತಿದ್ದುದೇ ಕಡಲಿಗಾಗಿ.

ಆದರೆ ಅದೇ ಊರಿನ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಬ್ರೈಟನ್ನಿನಲ್ಲಿ ಸ್ಟೀನ್ ಎಂಬ ಹುಲ್ಲಿನ ಬಯಲಿದೆ. ಮೀನುಗಾರರು ಬಲೆ ಒಣಗಿಸುತ್ತಿದ್ದುದು, ದೋಣಿ ಎಳೆದು ಇಡುತ್ತಿದ್ದುದು ಅಲ್ಲಿ. ಶ್ರೀಮಂತರು ಸಂಜೆ ಅದೇ ಬಯಲಿನಲ್ಲಿ ಅಡ್ಡಾಡತೊಡಗಿದರು. ಹೆಂಗಸರ ಉದ್ದ ಲಂಗ ಬಲೆಗೆ ಸಿಕ್ಕಿಕೊಂಡರೆ ತಪ್ಪು ಬಲೆಯದೇ ತಾನೆ? ರೈಲು ಬರುವುದಕ್ಕೂ ಮೊದಲೇ, 18ನೆಯ ಶತಮಾನ ಮುಗಿಯುವ ಹೊತ್ತಿಗೆ ಬಯಲಿಗೆ ಬೇಲಿ ಬೀಳತೊಡಗಿತ್ತು. ಬಲೆಗಳು ಮೆಲ್ಲಮೆಲ್ಲನೆ ಅಲ್ಲಿಂದ ಕಾಲುಕಿತ್ತವು. ತಲೆತಲಾಂತರದಿಂದ ಬಳಸಿದ ನೆಲ ಬಳಸಿದವರ ಕೈಯಲ್ಲಿ ಉಳಿಯಲಿಲ್ಲ. ಈ ಮಾತನ್ನು ಒಂದು ಕಡೆ ಇಟ್ಟುಕೊಳ್ಳಿ. ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನಮ್ಮ ಕಡಲಿನ ಕಥೆ. ನಮ್ಮ ತೀರ ಒಂದು ಕಾಲಕ್ಕೆ ಲೋಕಕ್ಕೆ ತೆರೆದ ಬಾಗಿಲಾಗಿತ್ತು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟಿದ್ದಾನೆ. ಹೊನ್ನಾವರದ ಮುಸ್ಲಿಂ ಸಮಾಜದ ಬಗೆಗಿನ ಮಾತು ಅದು. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗಿಯರ ಬೆನ್ನು ತುಸು ನೆಟ್ಟಗಾಗುವುದನ್ನು ನೋಡಿದ್ದೇನೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಈ ತೀರದ ವ್ಯಾಪಾರದಿಂದಲೇ.

ಕುಮಟೆಯ ಸರದಿ ಬಂದದ್ದು 19ನೆಯ ಶತಮಾನದಲ್ಲಿ, ಹತ್ತಿಯಿಂದ. ಧಾರವಾಡ, ಹುಬ್ಬಳ್ಳಿ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಇಲ್ಲಿಂದ ಹಡಗೇರಿ ಮುಂಬಯಿಗೆ, ಮುಂಬಯಿಯಿಂದ ವಿಲಾಯತಿಗೆ. ಮಳೆಗಾಲದಲ್ಲಿ ಕಡಲು ಬಂದ್. ಮಳೆ ನಿಂತ ಮೇಲೆ ಗಾಡಿಗಳ ಸಾಲು. ಕತಗಾಲದ ಕಡೆಯಿಂದ ಬಂದಿದ್ದ ನನ್ನ ಅಜ್ಜಿ, ತನ್ನ ಅಜ್ಜಿಯಿಂದ ಕೇಳಿದ ಮಾತೊಂದನ್ನು ಹೇಳುತ್ತಿದ್ದಳು: ರಾತ್ರಿ ಎತ್ತಿನ ಕೊರಳ ಗಂಟೆಯ ಸದ್ದು ನಿಂತರೆ ಮಕ್ಕಳಿಗೆ ಎಚ್ಚರಾಗುತ್ತಿತ್ತಂತೆ. ನಮಗೆ ಸದ್ದಾದರೆ ಎಚ್ಚರ, ಅವರಿಗೆ ಸದ್ದು ನಿಂತರೆ ಎಚ್ಚರ!

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಬಾರದೆ ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳು ಬಾಗಿಲು ಹಾಕಿದವು. ಆಗ ಹಿಂದುಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂತು. ಲಿವರ್‌ಪೂಲಿನ ಪೇಟೆಯಲ್ಲಿ ಧಾರವಾಡ ಸೀಮೆಯ ಹತ್ತಿಗೆ ಇದ್ದ ಒಂದು ಹೆಸರು "ಕುಮಟಾ". ತಮಾಷೆ ನೋಡಿ, ಕುಮಟೆಯ ಉಪ್ಪುಗಾಳಿಯ ಮಣ್ಣಿನಲ್ಲಿ ಆ ಹತ್ತಿಯ ಒಂದು ಕಾಯಿಯೂ ಬಿಡುವುದಿಲ್ಲ. ಘಟ್ಟದ ಮೇಲೆ ಬೆಳೆದದ್ದಕ್ಕೆ ಘಟ್ಟದ ಕೆಳಗಿನ ಬಂದರಿನ ಹೆಸರು. ಬಂದರು ಹೋದ ಮೇಲೂ ಎಷ್ಟೋ ವರ್ಷ ಕೃಷಿಯವರು ಆ ತಳಿಯನ್ನು ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು.

ಇಂಥ ಬಂದರು ಯಾಕೆ ಹೋಯಿತು? ರೈಲಿನಿಂದ ಹೋಯಿತು. ಅಂದರೆ, ರೈಲು ಬೇರೆ ಕಡೆ ಹೋದದ್ದರಿಂದ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿಯ ವ್ಯಾಪಾರಿಗಳ ಕಣ್ಣು ಆಗ ಕಾರವಾರ ಬಂದರಿನ ಮೇಲಿತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂಬ ಮಾತು ಅಂದಿನದು. ಆದರೆ 1878ರಲ್ಲಿ ಇಂಗ್ಲಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಎಂದು ತೀರ್ಮಾನವಾಯಿತು. 1880ರ ದಶಕ ಮುಗಿಯುವಷ್ಟರಲ್ಲಿ ಕ್ಯಾಸಲ್‌ರಾಕ್ ಘಟ್ಟ ಇಳಿದು ರೈಲು ಗೋವೆಯ ಕಡಲು ಮುಟ್ಟಿತು. ಘಟ್ಟದ ಮೇಲಿನ ಹತ್ತಿಗೆ ರೈಲು ಸಿಕ್ಕ ಮೇಲೆ ಎತ್ತಿನ ಗಾಡಿ ಯಾರಿಗೆ ಬೇಕು? ದೇವಿಮನೆ ಘಟ್ಟದಲ್ಲಿ ಗಂಟೆಯ ಸದ್ದು ಕಡಿಮೆಯಾಯಿತು. ಹುಬ್ಬಳ್ಳಿಯಿಂದ ನಮ್ಮ ತೀರಕ್ಕೆ ರೈಲು ಎಂಬ ಕನಸು ಹುಬ್ಬಳ್ಳಿ–ಅಂಕೋಲಾ ಮಾರ್ಗ ಎಂಬ ಹೆಸರಿನಲ್ಲಿ ಇಂದಿಗೂ ಪೂರ್ತಿಯಾಗಿಲ್ಲ. ಈಗ ಅಡ್ಡ ನಿಂತಿರುವ ಪ್ರಶ್ನೆ ಕಾಡಿನದು. ಕಾಡು ಕಡಿದು ರೈಲು ಬೇಕೆ ಎಂದು ಕೇಳಿದರೆ, ಘಟ್ಟದ ಬುಡದಲ್ಲಿ ಹುಟ್ಟಿದ ನನಗೆ ಉತ್ತರ ಸುಲಭವಾಗಿ ಬಾಯಿಗೆ ಬರುವುದಿಲ್ಲ.

ದಕ್ಷಿಣದಿಂದ 1907ರಲ್ಲಿ ಮಂಗಳೂರಿಗೆ ರೈಲು ಬಂತು. ಮಂಗಳೂರಿನಿಂದ ಉತ್ತರಕ್ಕೆ, ನಮ್ಮ ತೀರಕ್ಕೆ ಬರಲು ಅದಕ್ಕೆ ಇನ್ನೂ 90 ವರ್ಷ ಹಿಡಿಯಿತು. ನಡುವೆ ನದಿಗಳು, ಗುಡ್ಡಗಳು. ಹಾಗೆ ನೋಡಿದರೆ ನೆಪಗಳಿಗೂ ಬರವಿರಲಿಲ್ಲ. ಕೊನೆಗೆ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು, 91 ಸುರಂಗ, ಸಣ್ಣ ದೊಡ್ಡ ಸೇರಿ ಹತ್ತಿರ ಹತ್ತಿರ 2000 ಸೇತುವೆ. ಅವುಗಳಲ್ಲೆಲ್ಲ ಉದ್ದದ್ದು ನಮ್ಮ ಹೊನ್ನಾವರದ ಶರಾವತಿಯ ಮೇಲಿನದು, 2 ಕಿಲೋಮೀಟರಿಗೂ ಮಿಕ್ಕಿ. 1998ರ ಜನವರಿಯಲ್ಲಿ ದಾರಿ ಪೂರ್ತಿಯಾಯಿತು. ಮೇ 1ರಂದು ಪ್ರಧಾನಿ ವಾಜಪೇಯಿಯವರು ಅದನ್ನು ದೇಶಕ್ಕೆ ಅರ್ಪಿಸಿದರು. ಮುಂಬಯಿ–ಮಂಗಳೂರು ಗಾಡಿಗೆ ಮತ್ಸ್ಯಗಂಧಾ ಎಂದು ಹೆಸರಿಟ್ಟರು. ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿಯ ಹೆಸರು! ಹೆಸರಿಟ್ಟವರು ಯಾರೇ ಆಗಲಿ, ನನಗೆ ಅವರ ಮೇಲೆ ಪ್ರೀತಿ.

ಅಷ್ಟು ಕಾದು ಬಂದ ರೈಲು ಬಂದರಿನ ಕಡೆಗೆ ಯಾಕೆ ಬರಲಿಲ್ಲ? ಬರುವ ಕಾರಣವೇ ಇರಲಿಲ್ಲ. ಬ್ರೈಟನ್ನಿನ ರೈಲು ಕಡಲಿನಲ್ಲಿ ಕೊನೆಗೊಳ್ಳುತ್ತದೆ. ನಮ್ಮದು ಮುಂಬಯಿಗೂ ಮಂಗಳೂರಿಗೂ ಗಂಟು ಹಾಕಿದ ದಾರಿ. ಕುಮಟೆ ಅದರ ನಡುವಿನ ಒಂದು ನಿಲ್ದಾಣ. ಕಡಲ ಅಂಚಿನಲ್ಲಿ ನದಿಗಳ ಬಾಯಿ ಅಗಲ, ನೆಲ ಮೆತ್ತಗೆ, ಮನೆಗಳು ಒತ್ತೊತ್ತು. ಆದ್ದರಿಂದ ಹಳಿ ನಮ್ಮಲ್ಲಿ ಗುಡ್ಡದ ಬದಿಗೆ ಸರಿಯಿತು. ಒಂದು ಶತಮಾನದ ಹಿಂದೆ ಬಂದಿದ್ದರೆ ರೈಲು ಬಂದರನ್ನು ಹುಡುಕಿಕೊಂಡು ಬರುತ್ತಿತ್ತು. ಬಂದದ್ದು ಬಂದರು ಮುಗಿದ ಮೇಲೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಪುಸ್ತಕದ ಉತ್ತರ ಇಷ್ಟು.

ಪುಸ್ತಕದಲ್ಲಿಲ್ಲದ ಉತ್ತರವೊಂದು ನನ್ನ ದೊಡ್ಡಮ್ಮನದು. ಅವಳನ್ನು ಕೊಟ್ಟದ್ದು ಹೆದ್ದಾರಿಯ ಹತ್ತಿರದ ಒಂದು ಊರಿಗೆ. ಹಳಿ ಹಾದುಹೋದದ್ದು ಅವಳ ಗದ್ದೆಯ ಮೇಲೆ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಕಾಲ. ಮೊದಲು ಸರ್ವೆಯವರು ಬಂದರು, ಆಮೇಲೆ ಕಲ್ಲು ಬಂತು, ಆಮೇಲೆ ಕಾಗದ. ಹೋದದ್ದು ಹನ್ನೆರಡು ಗುಂಟೆ. ಅದು ಮನೆಯ ಎದುರಿನ ಗದ್ದೆ. ವರ್ಷವೂ ಅವಳೇ ಮುಂದೆ ನಿಂತು ನಟ್ಟಿ ಮಾಡಿಸುತ್ತಿದ್ದ, ಕೊಯ್ಲಿಗೆ ಮೊದಲ ಕತ್ತಿ ಹಾಕುತ್ತಿದ್ದ ಗದ್ದೆ. ಪಹಣಿಯಲ್ಲಿ ದೊಡ್ಡಪ್ಪನ ಹೆಸರಿತ್ತು. ಪರಿಹಾರದ ಹಣ ಅವರ ಹೆಸರಿಗೇ ಬಂತು. ಮನೆಗೆ ಹೊಸ ಮಾಡು ಆಯಿತು, ಮಗನ ಸಾಲ ತೀರಿತು. ಯಾರೂ ಮೋಸ ಮಾಡಲಿಲ್ಲ. ದೊಡ್ಡಪ್ಪ ಒಳ್ಳೆಯವರೇ. ಆದರೆ ಅವಳನ್ನು ಒಂದು ಮಾತು ಕೇಳಬೇಕೆಂದು ಕಚೇರಿಯವರಿಗೂ ಹೊಳೆಯಲಿಲ್ಲ, ಮನೆಯವರಿಗೂ ಹೊಳೆಯಲಿಲ್ಲ. ನಿಜ ಹೇಳುತ್ತೇನೆ, ಓದಿದವಳಾದ ನನಗೂ ಹೊಳೆಯಲಿಲ್ಲ. "ನಟ್ಟಿ ಮಾಡಿದ್ದು ನಾನು, ಸೈ ಮಾಡಿದ್ದು ಅವರು" ಎಂದು ಅವಳು ಒಮ್ಮೆ ನಗುತ್ತಲೇ ಅಂದಳು. ನಾವೂ ನಕ್ಕೆವು. ಆ ನಗೆ ಈಗ ನನಗೆ ಚುಚ್ಚುತ್ತದೆ. ಈ ದಾರಿಗಾಗಿ 40 ಸಾವಿರಕ್ಕೂ ಹೆಚ್ಚು ಹಿಡುವಳಿದಾರರು ಭೂಮಿ ಕೊಟ್ಟರು ಎಂಬ ಲೆಕ್ಕವಿದೆ. ಆ ಹೆಸರುಗಳ ಹಿಂದೆ ನಟ್ಟಿ ಮಾಡಿದವರು ಎಷ್ಟು ಜನವೋ!

ಹಾಗೆಂದು ರೈಲನ್ನು ಹಳಿಯುವವಳು ನಾನಲ್ಲ. ಹೊಸದರಲ್ಲಿ ನಾನು ಶಾಲೆಯ ಮಕ್ಕಳನ್ನು ಮುರ್ಡೇಶ್ವರಕ್ಕೆ ರೈಲಿನಲ್ಲಿ ಕರೆದುಕೊಂಡು ಹೋದೆ. ಹೊನ್ನಾವರ ದಾಟಿ ಗಾಡಿ ಶರಾವತಿಯ ಸೇತುವೆ ಏರಿದಾಗ ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ನಲವತ್ತು ಮಕ್ಕಳು ಒಮ್ಮೆಗೇ ಸುಮ್ಮನಾದರು. ಕೆಳಗೆ ನೀರು, ದೂರದಲ್ಲಿ ಅಳಿವೆ, ಅದರಾಚೆ ಕಡಲು. ಅಂಥ ಮೌನವನ್ನು ಛಡಿ ಹಿಡಿದರೂ ತರಗತಿಯಲ್ಲಿ ತರಲು ನನಗೆ ಆಗಿಲ್ಲ. ಹೆಣ್ಣುಮಕ್ಕಳ ಮಟ್ಟಿಗಂತೂ ರೈಲು ದೊಡ್ಡ ಉಪಕಾರ ಮಾಡಿದೆ. ಮಂಗಳೂರಿನ ಕಾಲೇಜು, ಆಸ್ಪತ್ರೆ ಹತ್ತಿರವಾದವು. ರಾತ್ರಿ ಪಂಚಗಂಗಾ ಹತ್ತಿದರೆ ಬೆಳಿಗ್ಗೆ ಬೆಂಗಳೂರು. "ಹುಡುಗಿ ಒಬ್ಬಳೇ ಹ್ಯಾಗೆ ಹೋಗ್ತಾಳೆ?" ಎಂಬ ಪ್ರಶ್ನೆಗೆ "ರೈಲಿನಲ್ಲಿ" ಎಂಬ ಉತ್ತರ ಸಿಕ್ಕಿತು. ನರ್ಸ್ ಆಗಿ ಇಂಗ್ಲೆಂಡಿಗೆ ಹೋದ ನನ್ನ ವಿದ್ಯಾರ್ಥಿನಿಯೂ ಮೊದಲು ಹತ್ತಿದ್ದು ಇದೇ ಸ್ಟೇಷನ್ನಿನಲ್ಲಿ, ತಗಡಿನ ಟ್ರಂಕು ಹಿಡಿದು.

ಬ್ರೈಟನ್ನಿಗೂ ನಮಗೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ರೈಲು ಊರಿಗೆ ಜನರನ್ನು ತಂದಿತು. ನಮ್ಮಲ್ಲಿ ಬಹಳ ವರ್ಷ ಊರಿನ ಮಕ್ಕಳನ್ನು ಹೊರಗೆ ಒಯ್ದಿತು. ಸ್ಟೇಷನ್ನಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ಎಷ್ಟು ನೋಡಿದ್ದೇನೆ!

ಆದರೆ ಈಚೆಗೆ ಗಾಳಿ ತಿರುಗಿದೆ. 2022ರಲ್ಲಿ ಇಡೀ ದಾರಿಗೆ ವಿದ್ಯುತ್ತು ಬಂತು. ಪ್ರವಾಸಿಗಳು ನಮ್ಮ ತೀರಕ್ಕೂ ಬರತೊಡಗಿದ್ದಾರೆ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದೇ ಕಾಸರಕೋಡಿನ ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸುತ್ತಾರೆ. ಕಡಲಾಮೆ ಮೊಟ್ಟೆಯಿಡುವ ತೀರವೂ ಅದೇ. ಅಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಬಂದಾಗ ಮೀನುಗಾರರು ವಿರೋಧಿಸಿ ಬೀದಿಗಿಳಿದರು. ಹೆಂಗಸರೂ ಮುಂದೆ ನಿಂತರು. ಬಂದರು ಹೋದದ್ದಕ್ಕೆ ಇಷ್ಟು ಹೊತ್ತು ಮರುಗಿದವಳು ನಾನು. ಬಂದರು ಬರುತ್ತದೆಂದರೆ ಹಿಗ್ಗಬೇಕಿತ್ತು. ಹಿಗ್ಗಲಾಗಲಿಲ್ಲ. ಒಣಮೀನಿನ ಹೆಂಗಸೊಬ್ಬಳನ್ನು ಕುಮಟೆಯ ಪೇಟೆಯಲ್ಲಿ ಮಾತಾಡಿಸಿದಾಗ ಅವಳು ಕೇಳಿದಳು: "ಕಡಲ ಬದಿಗೆ ಒಣಸ್ಬೇಡ ಅಂದ್ರೆ ಎಲ್ಲಿ ಒಣಸೂದು ಅಕ್ಕೋರೇ? ಮನೆ ಮಾಡಿನ ಮೇಲಾ?"

ಆಗ ನನಗೆ ಬ್ರೈಟನ್ನಿನ ಆ ಹುಲ್ಲಿನ ಬಯಲು ನೆನಪಾಯಿತು, ದೊಡ್ಡಮ್ಮನ ಹನ್ನೆರಡು ಗುಂಟೆ ನೆನಪಾಯಿತು. ಮೂರೂ ಕಡೆ ನಡೆದದ್ದು ಒಂದೇ. ನೆಲವನ್ನು ದಿನವೂ ಬಳಸುವವರ ಕೈಯಲ್ಲಿ ಅದರ ಕಾಗದ ಇರುವುದಿಲ್ಲ. ಕಾಗದ ಇಲ್ಲದವರನ್ನು ಯಾರೂ ಕೇಳುವುದಿಲ್ಲ. ರೈಲು ಬರಲಿ, ಬಂದರು ಬರಲಿ, ಪ್ರವಾಸಿಗಳಿಗೆ ಕೂರಲು ಕಲ್ಲಿನ ಕಟ್ಟೆ ಬರಲಿ. ಬರುವ ಮೊದಲು ಮೀನು ಒಣಗಿಸುವವಳನ್ನು, ನಟ್ಟಿ ಮಾಡುವವಳನ್ನು ಒಂದು ಮಾತು ಕೇಳಬೇಕು. ಅವಳು ಬೇಡವೆಂದೇ ಹೇಳುತ್ತಾಳೆಂದು ಯಾಕೆ ತಿಳಿಯಬೇಕು? ದೊಡ್ಡಮ್ಮನನ್ನು ಕೇಳಿದ್ದರೆ ಅವಳು ಒಪ್ಪುತ್ತಿದ್ದಳು ಎಂದೇ ನನ್ನ ನಂಬಿಕೆ. ಆದರೆ ಆಗ ಅದು ಅವಳು ಕೊಟ್ಟ ಗದ್ದೆಯಾಗುತ್ತಿತ್ತು. ಕೇಳದೆ ಹೋದದ್ದರಿಂದ ಹೋದ ಗದ್ದೆಯಾಯಿತು.

ದೊಡ್ಡಮ್ಮ ರೈಲು ಹತ್ತಿದ್ದು ಒಂದೇ ಸಲ, ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗುವಾಗ. ನಾನೇ ಜೊತೆಗೆ ಹೋಗಿದ್ದೆ. ಹೋಗುವಾಗ ಮಂಜುಗಣ್ಣಿನಿಂದ ಏನೂ ಕಂಡಿರಲಿಲ್ಲ. ಮರಳುವಾಗ ಕುಮಟೆ ಹತ್ತಿರವಾದಂತೆ ಕಪ್ಪು ಕನ್ನಡಕ ತುಸು ಎತ್ತಿ ಕಿಟಕಿಗೆ ಮುಖ ಒತ್ತಿ ಕುಳಿತಳು. ಹಳಿಯ ಪಕ್ಕದ ಉಳಿದ ಗದ್ದೆ, ಅದರಾಚೆ ಮನೆ ಒಂದು ಕ್ಷಣ ಕಂಡು ಮರೆಯಾದವು. "ಇಷ್ಟೇಯ?" ಅಂದಳು. ಅವಳು ಕೇಳಿದ್ದು ಗದ್ದೆಯನ್ನೋ, ರೈಲನ್ನೋ ನನಗೆ ತಿಳಿಯಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

ವಿದ್ಯಾರ್ಥಿನಿಗೆ ನಾನು ಬರೆದ ಉತ್ತರ ಚಿಕ್ಕದು. "ನಮ್ಮ ಸ್ಟೇಷನ್ನಿನಿಂದ ಸಮುದ್ರ ದೂರವೇ ಸರಿ. ಮುಂದಿನ ಸಲ ಬಂದಾಗ ಹೆಡ್ ಬಂದರಿಗೆ ಹೋಗೋಣ. ದಾರಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ಕೊಳ್ಳೋಣ. ಮರಳಿನ ಮೇಲೆ ಬಲೆ, ಮೀನು ಒಣಗಿದ್ದರೆ ಸುತ್ತುಹಾಕಿಕೊಂಡು ನಡೆಯೋಣ."